ಗಾಣದ ಶ್ರೀಶೈಲಪ್ಪನ ಕಾಣದ ದಾರ

ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಬಸರಿಹಾಳದ ಅಗಸಿಬಾಗಿಲ ಮುಂದೆ ನಿಂತಾಗ ಮೊದಲು ಮೂಗಿಗೆ ಬಡಿಯುವುದು ಶೇಂಗಾ ಎಣ್ಣೆಯ ವಾಸನೆ. ಅದು ಶ್ರೀಶೈಲಪ್ಪನ ಗಾಣ. ಎತ್ತು ಹೋಗಿ ಕರೆಂಟು ಬಂದು ಎಷ್ಟೋ ಕಾಲವಾದರೂ ಜನ ಅದನ್ನು ಗಾಣವೆಂದೇ ಕರೆಯುತ್ತಿದ್ದರು. ಶ್ರೀಶೈಲಪ್ಪನಿಗೆ ಊರಲ್ಲಿ ಕೆಟ್ಟ ಹೆಸರಿರಲಿಲ್ಲ. ಒಳ್ಳೆಯ ಹೆಸರೂ ಇರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಬಡಿಸುವವರು ಅವನನ್ನು ದಾಟಿ ಪಕ್ಕದವನಿಗೆ ಹೋಳಿಗೆ ಹಾಕಿ ಮುಂದೆ ಹೋಗುತ್ತಿದ್ದರು. ದ್ವೇಷದಿಂದಲ್ಲ, ಅವನು ಅಲ್ಲಿರುವುದು ಗಮನಕ್ಕೆ ಬರುತ್ತಿರಲಿಲ್ಲ, ಅಷ್ಟೆ.

ಇಂಥ ಮನುಷ್ಯನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಗಿರಾಕಿಯಿಲ್ಲದ ಒಂದು ಮಧ್ಯಾಹ್ನ ಹಿಂಡಿಯ ಚೀಲಕ್ಕೆ ಒರಗಿ ಮೊಬೈಲು ನೋಡುತ್ತಿದ್ದಾಗ, ಟೊಪ್ಪಿಗೆ ಹಾಕಿದ ಕೆಂಪು ಮೋರೆಯ ಪರದೇಶದ ಒಬ್ಬ ಗಾಳದಿಂದ ತೊಡೆಯಷ್ಟು ದಪ್ಪದ ಮೀನನ್ನು ಎಳೆದು, ಅದರ ಹಣೆಗೆ ಮುತ್ತು ಕೊಟ್ಟು, ತಿರುಗಿ ನೀರಿಗೆ ಬಿಟ್ಟ. ಶ್ರೀಶೈಲಪ್ಪ ಎದ್ದು ಕೂತ. ಅವನ ಮನೆಯಲ್ಲಿ ತತ್ತಿಯ ಹೆಸರು ಹೇಳಿದರೂ ಬಾಯಿ ತೊಳೆಯಬೇಕಿತ್ತು. ಮೀನಿನ ಗಾಡಿ ರಸ್ತೆಯಲ್ಲಿ ಹಾದರೆ ಹೆಂಡತಿ ಕಸ್ತೂರೆವ್ವ ಹಿತ್ತಲಲ್ಲಿದ್ದರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಈ ಪರದೇಶಿ ತಿನ್ನಲಿಲ್ಲವಲ್ಲ. ಕೊಲ್ಲಲೂ ಇಲ್ಲ. ಮಾತಾಡಿಸಿ ಕಳಿಸಿದ. ಇದರಲ್ಲಿ ಪಾಪ ಎಲ್ಲಿಂದ ಬರಬೇಕು ಎಂದು ಶ್ರೀಶೈಲಪ್ಪ ತನ್ನನ್ನೇ ಕೇಳಿಕೊಂಡು, ತಾನೇ ತೀರ್ಪು ಕೊಟ್ಟುಕೊಂಡ. ಮೀನಿನ ಅಭಿಪ್ರಾಯವನ್ನು ಅವನು ಕೇಳಲಿಲ್ಲ.

ಉಳಿದದ್ದು ಒಂದೇ ತೊಡಕು. ಹಿಡಿಯುವುದು ಯಾರಿಗೂ ಕಾಣಬಾರದು.

ತಾಳಿಕೋಟೆಯ ಸಂತೆಯ ಬೀದಿಯಲ್ಲಿ ಬಲೆ, ಗಾಳ, ಹಗ್ಗ ಮಾರುವ ಜುಲ್ಫಿಕರನ ಅಂಗಡಿಯಿತ್ತು. ಬಸರಿಹಾಳದ ಕೆರೆಯಲ್ಲಿ ಮರಿ ಬಿಟ್ಟು ಮೀನು ಬೆಳೆಸುವ ಗುತ್ತಿಗೆಯೂ ಅವನದೇ. ಶ್ರೀಶೈಲಪ್ಪ ಆಚೆ ಈಚೆ ನೋಡಿ ಒಳಗೆ ಸೇರಿದ.

"ಬರ್ರಿ ಸಾವ್ಕಾರ್ರ. ಶೇಂಗಾ ಮುಚ್ಚಾಕ ಬಲಿ ಬೇಕೇನ್ರಿ?"

"ಬಲಿ ಬ್ಯಾಡ. ದಾರ ಬೇಕು. ಗಾಳಕ್ಕ ಕಟ್ಟೂದು." ದನಿ ಇಳಿಸಿದ. "ಕಾಣಲಾರದ್ದು."

ಜುಲ್ಫಿಕರ ಒಂದು ಗಳಿಗೆ ಅವನ ಹಣೆಯ ವಿಭೂತಿಯನ್ನು ನೋಡಿದ. ಆದರೆ ಗಿರಾಕಿಯ ಹಣೆ ನೋಡಿ ವ್ಯಾಪಾರ ಮಾಡುವವರ ಪೈಕಿ ಅವನಲ್ಲ. ದಾರದ ಮೂರು ಉರುಳೆಗಳನ್ನು ತಂದು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟ.

"ಇದು ನೈಲಾನ್. ಸೋವಿ ಐತಿ. ಖರೆ, ಎಳದ್ರ ರಬ್ಬರಿನಂಗ ಹಿಗ್ಗತೈತಿ, ಬಿಸಲಾಗ ಮಿಂಚತೈತಿ. ಇದು ಹೆಣದದ್ದು. ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ, ಆದ್ರ ಶಾಣ್ಯಾ ಮೀನ ದೂರದಿಂದನ ನೋಡಿ ನಕ್ಕೋತ ಹೋಗತೈತಿ. ಇದು ನೋಡ್ರಿ, ಫ್ಲೋರೋಕಾರ್ಬನ್. ನೀರಾಗ ಬೆಳಕ ಹ್ಯಾಂಗ ಬಾಗತೈತಿ, ಇದರಾಗೂ ಹೆಚ್ಚೂ ಕಡಿಮಿ ಹಂಗ ಬಾಗತೈತಿ. ಅದಕ್ಕ ನೀರಿಗಿ ಬಿಟ್ರ ಕಣ್ಣಿಗಿ ಸಿಗಂಗಿಲ್ಲ. ತಾನ ಮುಳಗತೈತಿ, ಕಲ್ಲಿಗಿ ತಿಕ್ಕಿದ್ರೂ ಲಗೂ ಸವಿಯಂಗಿಲ್ಲ."

"ಇದನ್ನ ಕೊಡು."

"ಎಷ್ಟ ದಪ್ಪಂದು? ತೆಳ್ಳಗಿಂದು ಆದ್ರ ದೊಡ್ಡ ಮೀನ ಬಂದಾಗ ಕೈ ಕೊಡ್ತೈತಿ. ದಪ್ಪಂದು ತಂತೀ ಹಂಗ ಬಿರಸು, ಸುರುಳಿ ಬಿಚ್ಚಂಗಿಲ್ಲ. ನಡುವಿಂದು ತಗೋರಿ. ಮತ್ತ ಪೂರಾ ಇದನ್ನ ಹಾಕಬ್ಯಾಡ್ರಿ, ತುಟ್ಟಿ ಐತಿ. ಗಾಳದ ಕಡೆ ಒಂದೆರಡ ಮಾರ ಇದನ್ನ ಕಟ್ಟಿ, ಹಿಂದ ನೈಲಾನ್ ಜೋಡಸ್ರಿ. ತಿಳದವ್ರು ಹಂಗ ಮಾಡ್ತಾರ."

"ಬ್ಯಾಡ. ಪೂರಾ ಇದ ಇರಲಿ. ಎಲ್ಲೂ ಕಾಣಬಾರ್ದು."

"ಮೀನಕ್ಕ ಬಾಯಿ ಹತ್ರ ಕಾಣದಿದ್ರ ಸಾಕಲ್ರಿ."

"ಮೀನದ್ದಲ್ಲೋ ನನ್ನ ಚಿಂತಿ. ಮಂದೀದು."

ಜುಲ್ಫಿಕರ ಉರುಳೆಯನ್ನು ಕೆಳಗಿಟ್ಟ. "ಮಂದಿ ನೀರಾಗ ಇರಂಗಿಲ್ಲಲ್ರಿ ಸಾವ್ಕಾರ್ರ. ಗಾಳ್ಯಾಗ ಇದೂ ಎಲ್ಲಾ ದಾರದಂಗ ಕಾಣ್ತೈತಿ."

ಈ ಮಾತು ಶ್ರೀಶೈಲಪ್ಪನನ್ನು ಬಸ್ಸಿನುದ್ದಕ್ಕೂ ಕಾಡಿತು. ಆದರೆ ಊರ ಅಗಸಿ ಬರುವುದರೊಳಗೆ ಪರಿಹಾರವೂ ಹೊಳೆಯಿತು. ದಾರ ಗಾಳಿಯಲ್ಲಿ ಕಾಣುತ್ತದೆಯೆಂದರೆ ಅದನ್ನು ಗಾಳಿಗೆ ಬಿಡಲೇಬಾರದು. ಕೋಲು ಬೇಡ, ಕೋಲು ಹರದಾರಿ ದೂರಕ್ಕೆ ಕಾಣುತ್ತದೆ. ನೀರಿನ ಅಂಚಿನ ಕಲ್ಲ ಮೇಲೆ ಕೂತು, ಅಂಗೈಯನ್ನು ನೀರಿಗೆ ನಾಲ್ಕು ಬೆರಳು ಮೇಲೆ ಹಿಡಿದು, ಉರುಳೆಯನ್ನು ಅಂಗೈಯಲ್ಲೇ ಇಟ್ಟುಕೊಂಡರೆ ಆಯಿತು. ಎರೆಹುಳವೂ ಬೇಡ, ಅದು ಜೀವಹಿಂಸೆ. ಗಾಣದ ಶೇಂಗಾ ಹಿಂಡಿಗೆ ಜೋಳದ ಹಿಟ್ಟು, ಬೆಲ್ಲ ಕಲಸಿದ ಉಂಡೆ ಸಾಕು. ತನ್ನಷ್ಟು ನೇಮದಿಂದ ಗಾಳ ಹಾಕಿದವನು ಈ ಸೀಮೆಯಲ್ಲೇ ಇರಲಿಕ್ಕಿಲ್ಲ ಎನಿಸಿ ಅವನಿಗೆ ಹೆಮ್ಮೆಯಾಯಿತು.

ಮರುದಿನ ಬೆಳಗಾಗುವ ಹೊತ್ತಿಗೆ ಎಮ್ಮೆಗೆ ನೀರು ಕುಡಿಸಲು ಕೆರೆಗೆ ಬಂದ ತಿಪ್ಪವ್ವ ಕಂಡದ್ದು ಇಷ್ಟು. ಗಾಣದ ಶ್ರೀಶೈಲಪ್ಪ ಮಿಂದು, ವಿಭೂತಿ ಧರಿಸಿ, ಬರಿಮೈಯಲ್ಲಿ ಬಿಳಿ ಪಂಚೆಯುಟ್ಟು ನೀರಿನಂಚಿನ ಕಲ್ಲ ಮೇಲೆ ಪದ್ಮಾಸನ ಹಾಕಿದ್ದಾನೆ. ಎಡಗೈ ಮುಂದೆ ಚಾಚಿದೆ. ಅಂಗೈಯಲ್ಲಿ ಏನೋ ದುಂಡಗಿನದು. ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿದ್ದಾನೆ. ಲಿಂಗಾಯತರ ಓಣಿಯಲ್ಲಿ ಹುಟ್ಟಿ ಬೆಳೆದ ತಿಪ್ಪವ್ವನಿಗೆ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ದೃಷ್ಟಿ ನೆಟ್ಟು ಪೂಜಿಸುವ ಶಿವಯೋಗವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಜನ ಅದನ್ನು ದೇವರ ಮನೆಯಲ್ಲಿ ಗಡಿಬಿಡಿಯಲ್ಲಿ ಮುಗಿಸಿ ಬಸ್ಸು ಹಿಡಿಯುತ್ತಾರೆ. ಇವನು ಎಮ್ಮೆ ಕುಡಿದು, ಮಿಂದು, ಸೆಗಣಿ ಹಾಕಿ ಮುಗಿಸಿದರೂ ಅಲುಗಲಿಲ್ಲ.

ಅಷ್ಟರಲ್ಲಿ ಶ್ರೀಶೈಲಪ್ಪ ಗಾಳದ ಗಂಟು ಬಿಗಿಯಬೇಕಾಯಿತು. ಒಣದಾರವನ್ನು ಎಳೆದರೆ ಕಾವಿಗೆ ಸುಟ್ಟು ಹರಿಯುತ್ತದೆ, ತೋಯಿಸಿ ಎಳೆಯಿರಿ ಎಂದು ಜುಲ್ಫಿಕರ ಹೇಳಿದ್ದ. ಅವನು ಬೊಗಸೆಯನ್ನು ತುಟಿಗೆ ತಂದು ಗಂಟಿಗೆ ನಾಲಿಗೆ ತಾಗಿಸಿದ.

"ಲಿಂಗದ ಪಾದೋದಕಾನೂ ತಗೊಂಡ್ನವ್ವಾ," ಎಂದು ತಿಪ್ಪವ್ವ ಓಣಿಯಲ್ಲಿ ಹೇಳಿದಳು. "ಆಮ್ಯಾಲ ಕೈ ಹಿಂಗ ಥರಥರ ನಡಗಾಕ ಹತ್ತಿತು. ಭಾವ ಬಂದಿತ್ತ ಅದು."

ಕೈ ನಡುಗಿದ್ದು ನಿಜ. ಗೇಣುದ್ದದ ಒಂದು ರೋಹು ಮೀನು ಅದನ್ನು ನಡುಗಿಸಿತ್ತು. ಶ್ರೀಶೈಲಪ್ಪ ಅದನ್ನು ನೀರೊಳಗೇ ಬಿಡಿಸಿ, ಮುತ್ತು ಕೊಡಲು ಧೈರ್ಯವಾಗದೆ, ಬೆನ್ನು ಸವರಿ ಕಳಿಸಿದ್ದ.

ಮನೆಗೆ ಬಂದಾಗ ಕಸ್ತೂರೆವ್ವ ಹೊಸ್ತಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ತನ್ನ ಕೈಯ ವಾಸನೆ ಅವಳ ಮೂಗಿಗೆ ಮುಟ್ಟಿತೆಂದು ಶ್ರೀಶೈಲಪ್ಪ ಹೆದರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಸ್ತೂರೆವ್ವ ಬಾಗಿ ಅವನ ಕಾಲಿಗೆ ನೀರು ಹಾಕಿ, ಮುಟ್ಟಿ ನಮಸ್ಕರಿಸಿದಳು. ಮದುವೆಯಾದಂದಿನಿಂದ ಅವಳು ಹಬ್ಬ ಹುಣ್ಣಿಮೆಗೂ ಮನಸ್ಸಿದ್ದರೆ ಮಾತ್ರ ಮಾಡುತ್ತಿದ್ದ ಕೆಲಸ ಅದು.

"ನನಗರೆ ಒಂದ ಮಾತ ಹೇಳಬಾರ್ದೇನ್ರಿ?"

"ಏನಂತ?"

"ಇಂಥಾದ್ದನ್ನ ಬಾಯಿಬಿಟ್ಟ ಹೇಳಬಾರ್ದು, ಖರೇನ," ಎಂದು ಅವಳೇ ಉತ್ತರ ಹೇಳಿಕೊಂಡು ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು.

ಆಗ ಹೇಳಬಹುದಿತ್ತು. ಆದರೆ ಬೆಣ್ಣೆ ರೊಟ್ಟಿಯ ಮೇಲೆ ಕರಗುತ್ತಿತ್ತು, ಮತ್ತು ಅದು ಒಂದೇ ಉಂಡೆಯಾಗಿರಲಿಲ್ಲ. ಊಟ ಮುಗಿಸಿ ಹೇಳೋಣ ಎಂದುಕೊಂಡ. ಊಟ ಮುಗಿಯುವ ಹೊತ್ತಿಗೆ ಹೊರಗೆ ನಾಲ್ಕು ಜನ ಕಾದಿದ್ದರು. ಸಂಜೆಯ ಹೊತ್ತಿಗೆ ಬಡಿಸುವವರೆಲ್ಲ ದಾಟಿಹೋಗುತ್ತಿದ್ದ ಮನುಷ್ಯನನ್ನು ಊರು ಎದ್ದು ನಿಂತು ಮಾತಾಡಿಸುತ್ತಿತ್ತು. ಎದ್ದು ನಿಂತವರಿಗೆ ಕೂಡ್ರಿ ಎನ್ನುವುದನ್ನು ಶ್ರೀಶೈಲಪ್ಪ ಬಹುಬೇಗ ಕಲಿತ. ಸತ್ಯ ಹೇಳುವುದನ್ನು ಮರುದಿನಕ್ಕೆ ಇಟ್ಟ. ಮರುದಿನ ಅದರ ಮರುದಿನಕ್ಕೆ.

ಸುದ್ದಿ ಬಸವನ ಬಾಗೇವಾಡಿಗೂ ಮುಟ್ಟಿತು. ಅಲ್ಲಿ ಕಸ್ತೂರೆವ್ವನ ಅಣ್ಣ ಸಿದ್ದಾರೂಢ ಮಾಸ್ತರರು ನಿವೃತ್ತರಾಗಿ ಪ್ರವಚನ ಹೇಳಿಕೊಂಡಿದ್ದರು. ತಂಗಿಯನ್ನು ಎಣ್ಣೆಯ ಜಿಡ್ಡಿಗೆ ಕೊಟ್ಟೆವೆಂಬುದು ಅವರ ಹಳೆಯ ಕೊರಗು. "ಏ ಶ್ರೀಶೈಲ್ಯಾ" ಎಂಬುದರ ಮೇಲೆ ತಂಗಿಯ ಗಂಡನಿಗೆ ಅವರು ಒಂದಕ್ಷರ ಹೆಚ್ಚು ಖರ್ಚು ಮಾಡಿದವರಲ್ಲ. ಅವರು ಮೊದಲ ಬಸ್ಸಿಗೇ ಬಂದಿಳಿದು, ಕೆರೆಯ ದಂಡೆಯಲ್ಲಿ ನಿಂತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಶ್ರೀಶೈಲಪ್ಪನವರ," ಎಂದರು. "ನಾವು ಪುಸ್ತಕದಾಗ ಹುಡಿಕಿದ್ದನ್ನ ನೀವು ಕೆರ್ಯಾಗ ಹುಡಿಕೀರಿ."

ಆ 'ಅಪ್ಪನವರ' ಎಂಬುದಕ್ಕಾಗಿ ಶ್ರೀಶೈಲಪ್ಪ ಬಾಳೆಲ್ಲ ಕಾದಿದ್ದನೆಂಬುದು ಅವನಿಗೂ ಆವತ್ತೇ ತಿಳಿದದ್ದು.

ದಂಡೆಯ ಮೇಲೆ ಜನ ಸೇರತೊಡಗಿದರು. ಗಾಳಕ್ಕೆ ಹಚ್ಚುವ ಉಂಡೆಗಳ ತಾಟು ಪಕ್ಕದಲ್ಲಿತ್ತು. ತಿಪ್ಪವ್ವ ಸೆರಗೊಡ್ಡಿದಳು.

"ಯಪ್ಪಾ, ಪ್ರಸಾದ."

"ಇದು ಪ್ರಸಾದ ಅಲ್ಲವಾ, ಹಿಂಡಿ ಇದು."

"ನಿನ್ನ ಕೈಯಾಗಿಂದು ಏನಿದ್ರೂ ಪ್ರಸಾದಪಾ."

ತಿಂದಳು. ಸಂಜೆಗೆ ಅವಳ ಮೊಣಕಾಲ ನೋವು ಇಳಿಯಿತು. ಮರುದಿನ ಮೀನಿಗೆ ಉಂಡೆ ಉಳಿಯಲಿಲ್ಲ.

ಗ್ರಾಮ ಪಂಚಾಯಿತಿ ಅಧ್ಯಕ್ಷ ಕಲ್ಮೇಶನಿಗೆ ಭಕ್ತಿಗಿಂತ ದೂರದೃಷ್ಟಿ ಹೆಚ್ಚು. ಕೆರೆ ಕ್ಷೇತ್ರವಾದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಹೈಮಾಸ್ಟ್ ದೀಪ ಬರುತ್ತದೆ, ದೀಪದ ಕಂಬದ ಮೇಲೆ ಹೆಸರು ಬರುತ್ತದೆ. ಅವನು ಗಾಣಕ್ಕೆ ಬಂದು ಕೈಮುಗಿದ.

"ಸೋಮವಾರ ಕೆರಿ ದಂಡಿ ಮ್ಯಾಲ ಸಭಾ ಐತ್ರಿ. ಠರಾವ ಮಾಡ್ತೇವಿ. ನೀವು ತಪಾ ಮಾಡೂ ನೀರಾಗ ಇನ್ನ ಯಾರೂ ಬಲಿ ಬಿಡಬಾರ್ದು, ಗಾಳ ಹಾಕಬಾರ್ದು."

"ಗಾಳಾನೂ?" ಎಂದ ಶ್ರೀಶೈಲಪ್ಪ.

"ಗಾಳ ಮದ್ಲ."

ಅದೇ ಸಂಜೆ ಜುಲ್ಫಿಕರ ಬಂದ. ಗಾಣದೊಳಗೆ ಯಾರೂ ಇಲ್ಲದ್ದು ನೋಡಿ ಹಿಂಡಿಯ ಚೀಲದ ಮೇಲೆ ಕೂತ.

"ಸಾವ್ಕಾರ್ರ, ದಾರ ಕೊಟ್ಟಾಂವ ನಾ. ಗಂಟ ಕಲಿಸಿದಾಂವ ನಾ. ಕೆರ್ಯಾಗ ಮೀನೂ ನನ್ನವು, ಮರಿ ಇದ್ದಾಗಿಂದ ಬೆಳಿಸೇನಿ. ಈಗ ಬಲಿ ಬಿಡಬ್ಯಾಡ ಅಂದ್ರ ಅವನ್ನೇನ ಸಾಲಿಗಿ ಕಳಸ್ಲಿ?"

"ನಾ ಹೇಳಿಲ್ಲೋ ಅವ್ರಿಗಿ."

"ನೀವು ಬ್ಯಾಡಾ ಅಂತನೂ ಹೇಳಿಲ್ರಿ."

ಒಂದು ಕಡೆ ರೊಟ್ಟಿಯ ಮೇಲಿನ ಬೆಣ್ಣೆ, 'ಅಪ್ಪನವರ', ಎದ್ದು ನಿಲ್ಲುವ ಊರು. ಇನ್ನೊಂದು ಕಡೆ ಜುಲ್ಫಿಕರನ ಅನ್ನ. ಶ್ರೀಶೈಲಪ್ಪ ಆ ರಾತ್ರಿ ಬೆಣ್ಣೆಯನ್ನು ಬೆರಳಿನಿಂದ ಸರಿಸಿ ಬರಿ ರೊಟ್ಟಿ ತಿಂದ. ಕಸ್ತೂರೆವ್ವ ಅದನ್ನು ವೈರಾಗ್ಯವೆಂದು ತಿಳಿದು ಮರುದಿನ ಕಾಲಿಗೆ ಇನ್ನೊಂದು ತಂಬಿಗೆ ನೀರು ಹೆಚ್ಚಿಗೆ ಹಾಕಿದಳು.

ಸೋಮವಾರ ದಂಡೆಯ ಮೇಲೆ ಶಾಮಿಯಾನ, ಮೈಕು, ಪ್ಲಾಸ್ಟಿಕ್ ಕುರ್ಚಿ. ಮುಂದಿನ ಸಾಲಿನಲ್ಲಿ ಮಾಸ್ತರರು. ಹಿಂದೆ, ಬೇವಿನ ಗಿಡಕ್ಕೆ ಒರಗಿ ಜುಲ್ಫಿಕರ. ಕಲ್ಮೇಶ ಠರಾವು ಓದುವ ಮೊದಲೇ ಶ್ರೀಶೈಲಪ್ಪ ಎದ್ದು ಮೈಕು ಹಿಡಿದ.

"ಒಂದ ಮಾತ ಹೇಳೂದೈತ್ರಿ. ನಾ ಇಲ್ಲಿ ಪೂಜಾ ಮಾಡಿಲ್ಲ. ಮೀನ ಹಿಡದೇನಿ."

ಎಲ್ಲರೂ ಮಾಸ್ತರರ ಕಡೆ ನೋಡಿದರು. ಮಾಸ್ತರರು ಕಣ್ಣು ಮುಚ್ಚಿ ತಲೆದೂಗಿದರು.

"ಬೆಡಗಿನ ವಚನ ಇದು," ಎಂದರು. "ಚಂಚಲವಾದ ಈ ಮನಸ್ಸೇ ಮೀನು. ಅದನ್ನ ಹಿಡದೇನಿ ಅಂತಾರ. ಕೇಳ್ರಿ, ಕೇಳ್ರಿ."

ಚಪ್ಪಾಳೆ ಬಿತ್ತು.

"ಅಲ್ರಿ ಮಾಸ್ತರ್ರ, ಮನಸ್ಸಲ್ಲ. ಕೆರೀ ಮೀನ. ಗಾಳ ಹಾಕಿ ಹಿಡದೇನಿ."

"ಗುರುವಿನ ಉಪದೇಶ ಅನ್ನೂ ಗಾಳ," ಎಂದರು ಮಾಸ್ತರರು ಸಭೆಯ ಕಡೆ ತಿರುಗಿ.

"ಉಪದೇಶ ಅಲ್ರಿ, ಕಬ್ಬಿಣದ್ದು. ತಾಳಿಕೋಟಿಯಿಂದ ತಂದೇನಿ. ದಾರಾನೂ ತಂದೇನಿ, ನೀರಾಗ ಕಾಣಂಗಿಲ್ಲ ಅದು."

"ಕಾಣದ ದಾರ," ಮಾಸ್ತರರ ದನಿ ಒದ್ದೆಯಾಯಿತು. "ಜೀವಕ್ಕೂ ಶಿವನಿಗೂ ನಡುವೆ ಇರೂದು ಮತ್ತ ಯಾವ ದಾರ?"

ಶ್ರೀಶೈಲಪ್ಪ ಮಡಿಲಿನಿಂದ ಉರುಳೆ ತೆಗೆದ. ಮೇಜಿನ ಮೇಲಿದ್ದ, ಅಧ್ಯಕ್ಷರಿಗೆಂದು ಇಟ್ಟ ಗಾಜಿನ ಲೋಟದ ನೀರಿಗೆ ದಾರದ ತುದಿಯನ್ನು ಕಚ್ಚಿ ತುಂಡರಿಸಿ ಹಾಕಿ, ಲೋಟವನ್ನು ಎತ್ತಿ ಹಿಡಿದ.

"ಇಲ್ಲಿ ನೋಡ್ರಿ. ಇದ ಆ ದಾರ."

ಮುಂದಿನ ಸಾಲಿನವರು ಎದ್ದು ಬಂದು ಲೋಟದೊಳಗೆ ಇಣುಕಿದರು. ತಿಪ್ಪವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಏನೂ ಇಲ್ಲಲ್ಲೋ ಯಪ್ಪಾ ಇದರಾಗ."

"ಐತಿ. ಕಾಣವಲ್ದು ಅಷ್ಟ."

"ಕೇಳಿದ್ರಾ," ಎಂದರು ಮಾಸ್ತರರು, "ಐತಿ, ಕಾಣವಲ್ದು. ಇನ್ನ ನನ್ನ ಪ್ರವಚನದಾಗ ಏನ ಉಳೀತು?"

ಅಷ್ಟು ಖರ್ಚು ಮಾಡಿ ತಂದ ಸಾಮಾನು ಇಷ್ಟು ಚೆನ್ನಾಗಿ ಕೆಲಸ ಮಾಡಿ ಒಬ್ಬ ಮನುಷ್ಯನನ್ನು ಹಾಳು ಮಾಡಿದ್ದನ್ನು ಬಸರಿಹಾಳ ಹಿಂದೆಂದೂ ಕಂಡಿರಲಿಲ್ಲ. ಕಲ್ಮೇಶ ಠರಾವಿನ ಕಾಗದ ಬಿಡಿಸಿದ. ಬೇವಿನ ಗಿಡದ ಬುಡದಲ್ಲಿ ಜುಲ್ಫಿಕರ ತಲೆ ತಗ್ಗಿಸಿದ.

ಶ್ರೀಶೈಲಪ್ಪ ನೀರಿನಂಚಿಗೆ ನಡೆದು ದಾರಕ್ಕೆ ಗಾಳ ಕಟ್ಟಿದ. ಗಾಳಕ್ಕೆ ಉಂಡೆ ಸಿಕ್ಕಿಸಿ, ಕಲ್ಲಿನ ಮೇಲೆ ಕೂಡದೆ ನಿಂತೇ, ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಬೀಸಿ ಕೆರೆಯ ನಡುವಿಗೆ ಎಸೆದ. ದಾರ ಗಾಳಿಯಲ್ಲಿ ಒಮ್ಮೆ ಬಿಸಿಲಿಗೆ ಹೊಳೆದು ನೀರು ಮುಟ್ಟಿ ಮಾಯವಾಯಿತು.

ಸಭೆ ಕಾಯಿತು. ಅಧ್ಯಕ್ಷ ಕಾದ. ಮೈಕು ಗುಂಯ್ ಎನ್ನುತ್ತ ಕಾಯಿತು. ಎಲ್ಲ ಬಿಟ್ಟು ಆವತ್ತೇ ಮೀನುಗಳಿಗೆ ಹಸಿವಿರಲಿಲ್ಲ. ಹಿಂದಿನ ಸಾಲಿನವರು ಚಹಾ ಬರುತ್ತದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡರು. ಮಾಸ್ತರರು "ನಿರೀಕ್ಷೆಯೇ ಸಾಧನೆ" ಎಂದು ಆರಂಭಿಸಿದ್ದರು. ಆಗ ಶ್ರೀಶೈಲಪ್ಪನ ಬಲಗೈ ಭುಜದಿಂದಲೇ ಕೆರೆಯ ಕಡೆ ಹೊರಟುಹೋಯಿತು. ಅದರ ಹಿಂದೆ ಅವನೂ ಹೋದ.

ಮೊಣಕಾಲುದ್ದ ನೀರಲ್ಲಿ ಒಮ್ಮೆ, ಸೊಂಟದುದ್ದ ನೀರಲ್ಲಿ ಒಮ್ಮೆ ಅವನು ಬಿದ್ದ. ದಾರ ನೀರೊಳಗೇ ಇದ್ದು ಕಾಣದ್ದರಿಂದ ದಂಡೆಯವರಿಗೆ ಕಂಡದ್ದು ಒಬ್ಬ ಮನುಷ್ಯ ಗಾಳಿಯೊಡನೆ ಕುಸ್ತಿ ಹಿಡಿದದ್ದು ಮಾತ್ರ. ಹೆಂಗಸರು ಕೈಮುಗಿದರು. ಯಾರೋ ಗಂಟೆ ಬಾರಿಸಿದರು.

"ಎಳೀಬ್ಯಾಡ್ರಿ, ಸಡ್ಲ ಬಿಡ್ರಿ," ಎನ್ನುತ್ತ ಜುಲ್ಫಿಕರ ದಂಡೆಗೆ ಓಡಿಬಂದ. "ಅದ ಎಳದಾಗ ಬಿಡ್ರಿ, ನಿಂತಾಗ ಎಳೀರಿ. ಈ ದಾರ ಹಿಗ್ಗಂಗಿಲ್ಲ, ಝಟ್ನ ಜಗ್ಗಿದ್ರ ಹರೀತೈತಿ."

ಬಿಡುತ್ತ ಎಳೆಯುತ್ತ, ಅಂಗೈ ಸೀಳಿ ರಕ್ತ ಬರುವಾಗ ಶ್ರೀಶೈಲಪ್ಪ ಅದನ್ನು ದಂಡೆಗೆ ತಂದ. ಎಳೆಗರುವಿನ ತಲೆಯಷ್ಟು ದೊಡ್ಡ ತಲೆಯ ಕಾಟ್ಲಾ ಮೀನು. ಅದು ಅಧ್ಯಕ್ಷರ ಕುರ್ಚಿಯ ಮುಂದೆ ಬಿದ್ದು, ಬಾಲ ಬಡಿದು, ಮೊದಲ ಸಾಲಿನ ಬಿಳಿ ಪಂಚೆಗಳ ಮೇಲೆಲ್ಲ ರಾಡಿ ಎರಚಿತು. ತುಟಿಯಲ್ಲಿ ಗಾಳ. ವಾಸನೆ ಶಾಮಿಯಾನದ ತುಂಬ ಹರಡಿತು.

ಯಾರೂ ಉಸಿರಾಡಲಿಲ್ಲ, ಒಂದು ಕಾರಣ ಬೆರಗು, ಇನ್ನೊಂದು ವಾಸನೆ. ಎಲ್ಲರೂ ಮತ್ತೆ ಮಾಸ್ತರರ ಕಡೆ ತಿರುಗಿದರು. ಮಾಸ್ತರರು ಮುಖದ ರಾಡಿ ಒರೆಸಿಕೊಂಡು, ನಿಧಾನ ಎದ್ದು ಬಲಗೈ ಎತ್ತಿದರು.

"ಈ ಮತ್ಸ್ಯ ಅನ್ನೂದು..."

"ಅಣ್ಣಾ, ಸುಮ್ಮ ಕೂಡು," ಎಂದಳು ಕಸ್ತೂರೆವ್ವ, ಹೆಂಗಸರ ನಡುವಿನಿಂದ. ಅವಳ ಸೆರಗು ಮೂಗಿನ ಮೇಲಿತ್ತು. "ಅದು ಮೀನ."

ಮಾಸ್ತರರು ಕೂತರು.

ಶ್ರೀಶೈಲಪ್ಪ ಗಾಳ ಬಿಡಿಸಿ, ಎರಡೂ ಕೈಯಲ್ಲಿ ಮೀನನ್ನೆತ್ತಿ ನೀರಿಗೆ ಬಿಟ್ಟ. ತಿಪ್ಪವ್ವ ಮುಂದೆ ಬಂದಳು.

"ಹಂಗಾರ ನಾ ತಿಂದದ್ದು?"

"ಅವತ್ತ ಹೇಳೇನಲ್ಲವಾ. ಹಿಂಡಿ."

ತಿಪ್ಪವ್ವ ಒಮ್ಮೆ ಮೊಣಕಾಲು ಮಡಚಿ ಬಿಡಿಸಿ ನೋಡಿಕೊಂಡಳು. "ನೋವೇನ ತಿರಗಿ ಬಂದಿಲ್ಲ ಬಿಡು," ಎಂದಳು.

ಕಲ್ಮೇಶ ಠರಾವಿನ ಕಾಗದವನ್ನು ಮಡಚಿ ಕಿಸೆಗಿಟ್ಟುಕೊಂಡು, ಚಹಾ ಬಂದಿದೆಯೆಂದು ಮೈಕಿನಲ್ಲಿ ಸಾರಿದ. ಮಾಸ್ತರರು ಬಾಗೇವಾಡಿಯ ಬಸ್ಸು ಹತ್ತುವಾಗ ಕಿಡಕಿಯಿಂದ ತಲೆ ಹೊರಹಾಕಿ "ಏ ಶ್ರೀಶೈಲ್ಯಾ" ಎಂದರು. ಮುಂದಿನದನ್ನು ಬಸ್ಸು ಒಯ್ದಿತು. ಜುಲ್ಫಿಕರ ತನ್ನ ಹೆಗಲ ಮೇಲಿನ ಟವಲು ಹರಿದು ಶ್ರೀಶೈಲಪ್ಪನ ಅಂಗೈಗೆ ಸುತ್ತಿ, ಗಂಟು ಹಾಕಿ ಹೋದ.

ಮನೆಯಲ್ಲಿ ಕಸ್ತೂರೆವ್ವ ಅವನನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಕೊಡಗಟ್ಟಲೆ ನೀರು ಸುರಿದಳು. ಒಣರೊಟ್ಟಿ ತಂದಿಟ್ಟಳು. ಕೊನೆಗೆ ಅವನೇ ಬಾಯಿ ಬಿಟ್ಟ.

"ಮೀನ ಹಿಡದದ್ದಕ್ಕ ಸಿಟ್ಟೇನು?"

"ಹಿಡದ್ರಿ, ಬಿಟ್ರಿ. ಅದು ನಿಮಗೂ ಮೀನಕ್ಕೂ ಬಿಟ್ಟದ್ದು. ಮನಿಯೊಳಗ ತರಬ್ಯಾಡ್ರಿ, ಮುಗೀತು."

"ಮತ್ತ?"

"ದಿನಾ ಮುಂಜಾನಿ ಕಾಲ ಮುಟ್ಟಿಸ್ಕೊಂಡ್ರಲ್ಲಾ ನನ್ನ ಕಡಿಂದ. ಅದನ್ನ ತಿರಗಿ ಕೊಡ್ರಿ."

"ಹ್ಯಾಂಗ ಕೊಡ್ಲಿ?"

"ನಾ ಹ್ಯಾಂಗ ಕೊಟ್ಟೇನಿ, ಹಂಗ."

ಶ್ರೀಶೈಲಪ್ಪ ಲೆಕ್ಕ ಹಾಕಿ ನೋಡಿದ, ನ್ಯಾಯವಿತ್ತು. ಮರುದಿನ ಬೆಳಗಿನಲ್ಲಿ, ಕೆರೆಗೆ ಹೊರಡುವ ಮುಂಚೆ, ಅವನು ತಂಬಿಗೆ ತಂದು ಹೆಂಡತಿಯ ಕಾಲಿಗೆ ನೀರು ಹಾಕಿ, ಬಾಗಿ, ಹಣೆ ಮುಟ್ಟಿಸಿದ. ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟು, "ಇನ್ನೊಂದಿಷ್ಟ ಬಗ್ಗರಿ," ಎಂದಳು.

ಬಾಗಿಲು ತೆರೆದೇ ಇತ್ತು. ಮಜ್ಜಿಗೆ ಕೇಳಲು ಬಂದ ತಿಪ್ಪವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಚರಿಗೆಯನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟಳು. ಸೆರಗು ತಲೆಗೆಳೆದುಕೊಂಡು, ಕಸ್ತೂರೆವ್ವನ ಕಡೆ ಮುಖ ಮಾಡಿ ಕೈಮುಗಿದಳು. ಆಮೇಲೆ ನೋವಿಲ್ಲದ ಕಾಲುಗಳಿಂದ ಓಣಿಯ ಕಡೆಗೆ ಓಡಿದಳು.